ಕರುಳಿನೊಳಗಿನ ನೀರುಗಂಟಿ

ಮಕ್ಕಳೇ, ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ಹಸುವೋ ಎಮ್ಮೆಯೋ ಇದೆಯೆ? ಇದ್ದರೆ ಇಂದು ಸಂಜೆ ಒಂದು ಕೆಲಸ ಮಾಡಿ. ಅದು ಮೇವು ತಿಂದು ಆರಾಮವಾಗಿ ನಿಂತು ಮೆಲುಕು ಹಾಕುತ್ತಿರುವಾಗ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹತ್ತಿರ ಹೋಗಿ. ಅದರ ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಒಂದು ಗುಳಿ ಕಾಣುತ್ತದೆ. ಅಲ್ಲಿ ಅಂಗೈಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಏನೋ ಎದ್ದು ಬಂದು ನಿಮ್ಮ ಕೈಯನ್ನು ಹೊರಕ್ಕೆ ತಳ್ಳುತ್ತದೆ, ಮತ್ತೆ ಇಳಿಯುತ್ತದೆ. ಎರಡು ನಿಮಿಷಕ್ಕೆ ಎರಡರಿಂದ ನಾಲ್ಕು ಸಲ ಹೀಗಾಗುತ್ತದೆ. ಪಶುವೈದ್ಯರು ಬಂದಾಗ ಮೊದಲು ನೋಡುವುದು ಇದನ್ನೇ. ಅದು ನಿಂತಿದ್ದರೆ ದನಕ್ಕೆ ಏನೋ ಆಗಿದೆ ಎಂದು ಅವರಿಗೆ ತಿಳಿಯುತ್ತದೆ.

ಕೈಯನ್ನು ತಳ್ಳಿದ್ದು ಹಸುವಿನ ಹೊಟ್ಟೆ. ಅದನ್ನು ತಳ್ಳು ಎಂದು ಹೇಳಿದವರು ಯಾರು?

ಇನ್ನೊಂದು ಸಂಗತಿ. ಜಗಳೂರು, ಹೊನ್ನಾಳಿ ಕಡೆಯ ಕುರಿಗಾರರ ಮನೆಯ ಮಕ್ಕಳು ಇದನ್ನು ಕಂಡಿರಬಹುದು. ಕುರಿಯನ್ನು ಕೊಯ್ದು ಬೋಟಿಯನ್ನು ತಟ್ಟೆಗೆ ಹಾಕಿದಾಗ ಕರುಳು ಸ್ವಲ್ಪ ಹೊತ್ತು ಹುಳುವಿನಂತೆ ಮಿಸುಕುತ್ತಲೇ ಇರುತ್ತದೆ. ಕುರಿಯ ತಲೆ ಬೇರೆಯಾಗಿದೆ, ಮಿದುಳಿನಿಂದ ಬರುವ ನರಗಳೆಲ್ಲ ಕತ್ತರಿಸಿಹೋಗಿವೆ. ಆದರೂ ಕರುಳು ತನ್ನ ಕೆಲಸ ಬಿಟ್ಟಿಲ್ಲ! ಇದೇನು ಆಶ್ಚರ್ಯ?

ಉತ್ತರ ಕರುಳಿನ ಗೋಡೆಯೊಳಗೇ ಇದೆ. ಬನ್ನಿ, ಅದನ್ನು ಬಿಡಿಸಿ ನೋಡೋಣ.

ಟರ್ಕಿ ಟವೆಲಿನಂಥ ಒಳಪದರ

ಕುರಿಯ ಸಣ್ಣ ಕರುಳಿನ ಉದ್ದ ಸುಮಾರು 25 ಮೀಟರ್. ಹಸುವಿನದು ಸುಮಾರು 40 ಮೀಟರ್. ನಮ್ಮದು 6ರಿಂದ 7 ಮೀಟರ್ ಮಾತ್ರ. ಹುಲ್ಲನ್ನು ಅರಗಿಸುವುದು ಅಷ್ಟು ಸುಲಭವಲ್ಲ. ಅದಕ್ಕೇ ಹುಲ್ಲು ತಿನ್ನುವ ಪ್ರಾಣಿಗಳಿಗೆ ಉದ್ದನೆಯ ಕರುಳು ಬೇಕು.

ಈ ಕರುಳಿನ ಗೋಡೆಯಲ್ಲಿ ಪದರಗಳಿವೆ. ಎಲ್ಲಕ್ಕಿಂತ ಒಳಗಿನದು ಆಹಾರಕ್ಕೆ ತಾಗುವ ಒಳಪದರ. ಇದರ ಮೇಲೆ ಟರ್ಕಿ ಟವೆಲಿನ ಎಳೆಗಳಂತೆ ಕೋಟಿಗಟ್ಟಲೆ ಪುಟ್ಟ ಬೆರಳುಗಳು ಚಾಚಿಕೊಂಡಿರುತ್ತವೆ. ಇವಕ್ಕೆ ವಿಲ್ಲಸ್‌ಗಳು ಎಂದು ಹೆಸರು. ಅರಗಿದ ಆಹಾರವನ್ನು ಹೀರುವುದು ಇವುಗಳ ಕೆಲಸ. ಪ್ರತಿ ಬೆರಳಿನ ಹೊದಿಕೆಯೂ ಒಂದೇ ಒಂದು ಜೀವಕೋಶದಷ್ಟು ದಪ್ಪ. ಆಹಾರ ಉಜ್ಜುವುದರಿಂದ ಈ ಕೋಶಗಳು ಬೇಗ ಸವೆಯುತ್ತವೆ. ಮೂರರಿಂದ ಐದು ದಿನಗಳಲ್ಲಿ ಹಳೆಯವು ಉದುರಿ ಹೊಸವು ಬರುತ್ತವೆ.

ಒಳಪದರದ ಕೆಳಗೆ ರಕ್ತನಾಳಗಳಿರುವ ಮೆತ್ತನೆಯ ಪದರ. ಅದರಾಚೆ ಸ್ನಾಯುಗಳ ಎರಡು ಪದರ. ಒಂದರಲ್ಲಿ ಸ್ನಾಯುಗಳು ಬಳೆಯಂತೆ ಸುತ್ತಿಕೊಂಡಿವೆ. ಇನ್ನೊಂದರಲ್ಲಿ ಕರುಳಿನ ಉದ್ದಕ್ಕೆ ಹಗ್ಗದಂತೆ ಮಲಗಿವೆ. ಎಲ್ಲಕ್ಕಿಂತ ಹೊರಗೆ ತೆಳುವಾದ ನುಣುಪು ಪೊರೆ.

ಎರಡು ಬಲೆಗಳು

ಈ ಪದರಗಳ ನಡುವೆ ಮೀನುಗಾರನ ಬಲೆಯಂತೆ ನರಗಳ ಎರಡು ಬಲೆಗಳು ಹರಡಿವೆ. 1857ರಲ್ಲಿ ಜರ್ಮನಿಯ ಗೇಯಾರ್ಗ್ ಮೈಸ್ನರ್ ಎಂಬ ವಿಜ್ಞಾನಿ ಒಳಪದರದ ಕೆಳಗಿನ ಬಲೆಯನ್ನು ವರ್ಣಿಸಿದ. ಕೆಲವೇ ವರ್ಷಗಳ ನಂತರ, 1860ರ ದಶಕದಲ್ಲಿ, ಲಿಯೋಪೋಲ್ಡ್ ಔರ್‌ಬಾಖ್ ಎರಡು ಸ್ನಾಯು ಪದರಗಳ ನಡುವೆ ಇನ್ನೊಂದು ಬಲೆ ಇರುವುದನ್ನು ಕಂಡ. ಇಂದಿಗೂ ಈ ಬಲೆಗಳಿಗೆ ಅವರದೇ ಹೆಸರುಗಳಿವೆ.

ಬಲೆಯ ಗಂಟುಗಳಲ್ಲಿ ನರಕೋಶಗಳ ಗುಂಪುಗಳಿವೆ. ದಾರಗಳ ಜಾಗದಲ್ಲಿ ನರತಂತುಗಳಿವೆ. ಎರಡು ಬಲೆಗಳೂ ಕೆಲಸ ಹಂಚಿಕೊಂಡಿವೆ. ಸ್ನಾಯುಗಳ ನಡುವಿನ ಬಲೆ ಮುಖ್ಯವಾಗಿ ಕರುಳಿನ ಚಲನೆಯನ್ನು ನೋಡಿಕೊಳ್ಳುತ್ತದೆ. ಒಳಪದರದ ಕೆಳಗಿನ ಬಲೆ ಎಷ್ಟು ರಸ ಒಸರಬೇಕು, ಎಷ್ಟು ನೀರು ಬಿಡಬೇಕು, ಎಲ್ಲಿಗೆ ಎಷ್ಟು ರಕ್ತ ಹರಿಯಬೇಕು ಎಂಬುದನ್ನು ನೋಡಿಕೊಳ್ಳುತ್ತದೆ. ಅದರ ತಂತುಗಳು ಒಂದೊಂದು ವಿಲ್ಲಸ್‌ನ ಒಳಕ್ಕೂ ಏರಿ ಹೋಗುತ್ತವೆ.

ಮನುಷ್ಯರ ಜೀರ್ಣನಾಳದಲ್ಲಿ ಇಂತಹ ನರಕೋಶಗಳು 10 ಕೋಟಿಗೂ ಹೆಚ್ಚು ಇವೆ. ತಲೆಯಲ್ಲಿರುವ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರ ಮುಂದೆ ಇದು ಸಣ್ಣ ಸಂಖ್ಯೆಯೇ. ಆದರೆ ಒಂದು ಕೊಳವೆಯ ಕೆಲಸ ನಡೆಸಲು ಇಷ್ಟು ಧಾರಾಳವಾಗಿ ಸಾಕು.

ಮೇಲಿನವರನ್ನು ಕೇಳಬೇಕಿಲ್ಲ

ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವನ್ನು, ಅಂದರೆ ಸೂಳೆಕೆರೆಯನ್ನು, ನೀವು ನೋಡಿರಬಹುದು. ಇಂತಹ ಕೆರೆಗಳ ಬಯಲಿನಲ್ಲಿ ಹಿಂದಿನಿಂದಲೂ ನೀರುಗಂಟಿ ಎಂಬುವನು ಇರುತ್ತಿದ್ದ. ಯಾವ ಗದ್ದೆಗೆ ನೀರು ಸಾಕಾಯಿತು, ಯಾವ ತೋಟ ಒಣಗಿದೆ, ಯಾವ ತೂಬು ತೆಗೆಯಬೇಕು, ಯಾವುದನ್ನು ಮುಚ್ಚಬೇಕು ಎಂಬುದು ಅವನಿಗೆ ಗೊತ್ತು. ಪ್ರತಿಯೊಂದಕ್ಕೂ ಅವನು ರಾಜಧಾನಿಗೆ ಕಾಗದ ಬರೆದು ಅಪ್ಪಣೆ ಕೇಳುತ್ತ ಕೂರುವುದಿಲ್ಲ. ಕಾಲುವೆಯ ದಂಡೆಯ ಮೇಲೆ ನಿಂತು ಕಣ್ಣಾರೆ ನೋಡಿ ತೀರ್ಮಾನಿಸುತ್ತಾನೆ.

ಕರುಳಿನ ನರಜಾಲವೂ ಒಬ್ಬ ನೀರುಗಂಟಿಯೇ. ಇದನ್ನು ಪ್ರಯೋಗದಿಂದ ತೋರಿಸಿದವರು ಲಂಡನ್ನಿನ ವಿಲಿಯಂ ಬೇಯ್ಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್. 1899ರಲ್ಲಿ ಅವರು ಅರಿವಳಿಕೆ ಕೊಟ್ಟ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿದರು. ಆಮೇಲೆ ಕರುಳಿನೊಳಗೆ ಒಂದು ಉಂಡೆ ಇಟ್ಟರು. ಉಂಡೆಯ ಹಿಂದಿನ ಭಾಗ ಬಿಗಿಯಿತು, ಮುಂದಿನ ಭಾಗ ಸಡಿಲವಾಯಿತು. ಉಂಡೆ ಮುಂದಕ್ಕೆ ಸಾಗಿತು! ಹಿಂದೆ ಬಿಗಿ, ಮುಂದೆ ಸಡಿಲ. ಇಷ್ಟೇ ನಿಯಮ. ಅಲೆ ಅಲೆಯಾಗಿ ಹೀಗೆ ತಳ್ಳುವುದಕ್ಕೆ ಪೆರಿಸ್ಟಾಲ್ಸಿಸ್ ಎನ್ನುತ್ತಾರೆ.

1917ರಲ್ಲಿ ಜರ್ಮನಿಯ ಪಾಲ್ ಟ್ರೆಂಡೆಲೆನ್‌ಬುರ್ಗ್ ಇನ್ನೂ ಮುಂದೆ ಹೋದ. ಗಿನಿ ಹಂದಿಯ ಕರುಳಿನ ತುಂಡೊಂದನ್ನು ದೇಹದಿಂದ ಹೊರತೆಗೆದು, ಆಮ್ಲಜನಕವಿರುವ ಬೆಚ್ಚನೆಯ ಉಪ್ಪು ನೀರಿನಲ್ಲಿ ಇಟ್ಟ. ಒಳಗೆ ದ್ರವ ತುಂಬಿ ಗೋಡೆ ಹಿಗ್ಗಿದೊಡನೆ ಆ ತುಂಡು ತಾನೇ ತಳ್ಳತೊಡಗಿತು. ತಟ್ಟೆಯಲ್ಲಿನ ಬೋಟಿ ಏಕೆ ಮಿಸುಕುತ್ತದೆ ಎಂದು ಈಗ ನಿಮಗೆ ತಿಳಿಯಿತಲ್ಲವೆ? ನೀರುಗಂಟಿ ಕರುಳಿನ ಗೋಡೆಯೊಳಗೇ ಇದ್ದಾನೆ. ರಕ್ತ ತಂದ ಆಮ್ಲಜನಕ ಮುಗಿಯುವವರೆಗೆ ಅವನು ಕೆಲಸ ಮಾಡುತ್ತಾನೆ.

ನಾಲಿಗೆಯಿಲ್ಲದೆ ರುಚಿ

ಒಳಗೆ ಏನು ಬಂದಿದೆ ಎಂದು ಈ ನರಗಳಿಗೆ ತಿಳಿಯುವುದು ಹೇಗೆ? ನರದ ತುದಿಗಳು ಕರುಳಿನ ಒಳಗಿನ ಪೊಳ್ಳಿಗೆ ಇಣುಕುವುದಿಲ್ಲ. ಹಾಗೆ ಇಣುಕಿದರೆ ಆಮ್ಲ, ಪಿತ್ತರಸಗಳಿಗೆ ಸಿಕ್ಕಿ ಸುಟ್ಟುಹೋಗುತ್ತಿದ್ದವು. ಅವು ಒಂದು ಕೋಶದಷ್ಟು ದಪ್ಪದ ಆ ಹೊದಿಕೆಯ ಕೆಳಗೇ ನಿಂತಿರುತ್ತವೆ.

ಹೊದಿಕೆಯಲ್ಲಿ ಅಲ್ಲೊಂದು ಇಲ್ಲೊಂದು ವಿಶೇಷ ಕೋಶಗಳಿವೆ. ಇವು ಕಾವಲುಗಾರರು. ಸಿಹಿ ಬಂತೆ, ಕೊಬ್ಬು ಬಂತೆ, ಆಮ್ಲ ಬಂತೆ, ವಿಷ ಬಂತೆ, ಗೋಡೆ ಹಿಗ್ಗಿತೆ ಎಂದು ಇವು ತಿಳಿಯುತ್ತವೆ. ತಿಳಿದೊಡನೆ ಕೆಳಗಡೆಗೆ ಸೆರೊಟೋನಿನ್‌ನಂತಹ ರಾಸಾಯನಿಕವನ್ನು ಬಿಡುತ್ತವೆ. ಅದು ನರದ ತುದಿಗೆ ತಾಗಿ ಸುದ್ದಿ ಹೊರಡುತ್ತದೆ. ನಮ್ಮ ದೇಹದ ಸೆರೊಟೋನಿನ್‌ನಲ್ಲಿ 100ಕ್ಕೆ 90ಕ್ಕೂ ಹೆಚ್ಚು ಪಾಲು ಇರುವುದು ಮಿದುಳಿನಲ್ಲಲ್ಲ, ಜೀರ್ಣನಾಳದಲ್ಲಿ! ಇಂತಹ ಕೆಲವು ಕಾವಲು ಕೋಶಗಳು ನೇರವಾಗಿ ನರದೊಂದಿಗೆ ಕೈಕುಲುಕಿಕೊಂಡಿರುವುದನ್ನು 2018ರಲ್ಲಿ ಇಲಿಗಳಲ್ಲಿ ಕಂಡುಕೊಂಡರು. ಆಗ ಸುದ್ದಿ ಕ್ಷಣದೊಳಗೆ ಮಿದುಳಿನ ಕಡೆಗೆ ಓಡುತ್ತದೆ.

ಒಂದು ವಿಚಿತ್ರ ಕೇಳಿ. ಕರುಳಿನ ನರಗಳಿಗೆ ಕತ್ತರಿಸಿದ ನೋವು ತಿಳಿಯುವುದಿಲ್ಲ. ಆದರೆ ಕರುಳು ಅತಿಯಾಗಿ ಹಿಗ್ಗಿದರೆ ತುಂಬ ನೋವಾಗುತ್ತದೆ. ಹೊಟ್ಟೆ ಉಬ್ಬರಿಸಿದ ದನ ಕಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುವುದು, ಏಳುವುದು, ಮಲಗುವುದು ಇದರಿಂದಲೇ.

ಮಿದುಳಿಗೆ ಕೆಲಸವೇ ಇಲ್ಲವೆ?

ಇದೆ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿದುಬರುವ ಒಂದು ಉದ್ದನೆಯ ನರ ಇದೆ. ಅದರ ಹೆಸರು ವೇಗಸ್. ಇದರ ತಂತುಗಳಲ್ಲಿ ಹೆಚ್ಚಿನವು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಅಪ್ಪಣೆ ತರುವವು ಕಡಿಮೆ. ಅಂದರೆ ಮಿದುಳು ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದೇ ಹೆಚ್ಚು.

ಅಪಾಯ ಬಂದಾಗ ಮಾತ್ರ ಮಿದುಳು ಜೋರಾಗಿ ಮಾತನಾಡುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ನಿಮ್ಮ ಹೊಟ್ಟೆ ತೊಳಸಿದಂತಾಗುವುದು ಇದರಿಂದಲೇ. ದೀಪಾವಳಿ ಕಳೆದ ಮೇಲೆ ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಆಟ ನೋಡಿದ್ದೀರಲ್ಲ? ಬೆದರಿದ ಹೋರಿ ಓಡುತ್ತಲೇ ತೆಳ್ಳಗೆ ಸಗಣಿ ಹಾಕುವುದೂ ಇದರಿಂದಲೇ.

ಮೆಲುಕು ಹಾಕುವ ಪ್ರಾಣಿಗಳಲ್ಲಿ ಇನ್ನೊಂದು ವಿಶೇಷವಿದೆ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಮೊದಲನೆಯದು ರೂಮೆನ್. ನೀವು ಕೈಯಿಟ್ಟು ನೋಡಿದ್ದು ಇದನ್ನೇ. ಇದರಲ್ಲಿ ನೂರು ಲೀಟರಿಗೂ ಹೆಚ್ಚು ಮೇವು, ನೀರು ಹಿಡಿಯುತ್ತದೆ. ಕರುಳಿನಂತೆ ಇದು ಸ್ವತಂತ್ರವಲ್ಲ. ರೂಮೆನ್ ಕಡೆಯುವುದಕ್ಕೆ ಮಿದುಳಿನ ಬುಡದಿಂದ ವೇಗಸ್ ನರದ ಮೂಲಕ ಅಪ್ಪಣೆ ಬರಲೇಬೇಕು. 1940ರಲ್ಲಿ ಸ್ವೀಡನ್ನಿನ ಸ್ವೆನ್ ಹೋಫ್ಲುಂಡ್ ಎಂಬ ಪಶುವೈದ್ಯ ವಿಜ್ಞಾನಿ, ದನಗಳಲ್ಲಿ ಈ ನರದ ಕವಲುಗಳು ಕಡಿದರೆ ಹೊಟ್ಟೆಯ ಕೋಣೆಗಳ ಕೆಲಸ ಹೇಗೆ ಕೆಡುತ್ತದೆ ಎಂಬುದನ್ನು ತೋರಿಸಿದ.

ಒಂದು ತಂತಿಯ ಚೂರು

ನರ ಕಡಿಯಲು ಕತ್ತಿಯೇ ಬೇಕಾಗಿಲ್ಲ. ಒಂದು ತಂತಿಯ ಚೂರು ಸಾಕು.

ಕುರಿ, ಮೇಕೆಗಳು ತುಟಿಯಿಂದ ಆರಿಸಿ ಆರಿಸಿ ತಿನ್ನುತ್ತವೆ. ದನ ಹಾಗಲ್ಲ. ಅದು ನಾಲಿಗೆಯಿಂದ ಮೇವನ್ನು ಬಾಚಿ, ಸರಿಯಾಗಿ ಅಗಿಯದೆ ನುಂಗಿಬಿಡುತ್ತದೆ. ಮೇವಿನಲ್ಲಿ ಮೊಳೆ, ಸೂಜಿ, ತಂತಿಯ ಚೂರು ಸೇರಿದ್ದರೆ ಅದೂ ಒಳಗೆ ಹೋಗುತ್ತದೆ. ಭಾರವಾದ ಇಂಥ ವಸ್ತುಗಳು ಜೇನುಹಟ್ಟಿಯಂತೆ ಕಾಣುವ ಎರಡನೆಯ ಕೋಣೆಯಲ್ಲಿ ಬಂದು ನಿಲ್ಲುತ್ತವೆ. ಆ ಕೋಣೆ ಹಿಂಡಿದಾಗ ಚೂಪಾದ ತುದಿ ಗೋಡೆಯನ್ನು ಚುಚ್ಚುತ್ತದೆ. ಕೆಲವೊಮ್ಮೆ ಮುಂದಿರುವ ಹೃದಯಕ್ಕೂ ತಾಗುತ್ತದೆ. ಚುಚ್ಚಿದ ಕಡೆ ಕೀವಾಗಿ ವೇಗಸ್ ನರದ ಕವಲು ಕೆಡಬಹುದು. ಆಗ ಹೊಟ್ಟೆಯ ಕೋಣೆಗಳ ಚಲನೆ ತಾಳ ತಪ್ಪುತ್ತದೆ. ಮೇವು ಮುಂದೆ ಸಾಗುವುದಿಲ್ಲ. ಹೊಟ್ಟೆ ದೊಡ್ಡದಾಗುತ್ತದೆ, ದನ ಮಾತ್ರ ಸೊರಗುತ್ತ ಹೋಗುತ್ತದೆ. ಹಾಲು ಮಾರಿ ಸಂಸಾರ ನಡೆಸುವ ಮನೆಗೆ ಇದು ಎಂಥ ಪೆಟ್ಟು ಎಂದು ನಿಮಗೇ ಗೊತ್ತು. ಇದನ್ನು ತಡೆಯಲು ಪಶುವೈದ್ಯರು ಕೆಲವು ದನಗಳಿಗೆ ಅಯಸ್ಕಾಂತದ ತುಂಡನ್ನು ನುಂಗಿಸುವುದುಂಟು. ಅದು ಆ ಕೋಣೆಯಲ್ಲೇ ಉಳಿದು ಕಬ್ಬಿಣದ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪ್ಲಾಸ್ಟಿಕ್ ಚೀಲವೂ ಕಡಿಮೆ ಅಪಾಯಕಾರಿಯಲ್ಲ. ಅನ್ನದ ವಾಸನೆಗೆ ದನ ಚೀಲವನ್ನೇ ನುಂಗುತ್ತದೆ. ಅದು ಅರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ.

ಸುಗ್ಗಿಯ ಕಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಜಗಳೂರಿನಂತಹ ಕಡೆ ಕಣದಲ್ಲಿ ಮೆಕ್ಕೆಜೋಳದ ರಾಶಿ ಬಿದ್ದಿರುತ್ತದೆ. ಕಟ್ಟು ಬಿಚ್ಚಿಕೊಂಡ ಕುರಿಯೋ ದನವೋ ಹೊಟ್ಟೆ ಬಿರಿಯೆ ತಿಂದರೆ ಆ ಕಾಳು ಒಳಗೆ ಹುಳಿತು ಆಮ್ಲವಾಗುತ್ತದೆ. ರೂಮೆನ್‌ನ ಒಳಪದರದ ನರಗಳು ಇದನ್ನು ಗುರುತಿಸಿ ಸುದ್ದಿ ಕಳುಹಿಸುತ್ತವೆ. ಕಡೆಯುವುದು ನಿಲ್ಲುತ್ತದೆ. ತಡಮಾಡಿದರೆ ಪ್ರಾಣಕ್ಕೇ ಅಪಾಯ. ದನಕುರಿಗಳ ಎಡಹೊಟ್ಟೆ ತಮಟೆಯಂತೆ ಬಿಗಿದರೆ, ಮೆಲುಕು ನಿಂತರೆ, ಕೂಡಲೇ ಹಿರಿಯರಿಗೆ ಹೇಳಿ, ಪಶುವೈದ್ಯರನ್ನು ಕರೆಸಿ. ಪಶು ಸಂಜೀವಿನಿ ಸಹಾಯವಾಣಿಯ ಸಂಖ್ಯೆ 1962.

ಭೇದಿ ಏಕೆ ಆಗುತ್ತದೆ?

ಒಳಪದರದ ನರಗಳು ನಮ್ಮ ಪ್ರಾಣಕ್ಕೂ ಸಂಬಂಧಿಸಿವೆ. ಕಾಲರಾ ರೋಗಾಣುವಿನ ವಿಷ ಒಳಪದರದ ಕೋಶಗಳನ್ನು ಕೆಣಕುತ್ತದೆ. ಅದೇ ಹೊತ್ತಿಗೆ ಕಾವಲು ಕೋಶಗಳು ಸೆರೊಟೋನಿನ್ ಬಿಡುತ್ತವೆ. ನರಜಾಲ ಗಾಬರಿಯಾಗಿ ‘ನೀರು ಬಿಡಿ, ತೊಳೆದು ಹಾಕಿ’ ಎಂದು ಅಪ್ಪಣೆ ಮಾಡುತ್ತದೆ. ತೂಬುಗಳೆಲ್ಲ ಒಟ್ಟಿಗೆ ತೆರೆದಂತೆ ನೀರು, ಉಪ್ಪು ಕರುಳಿಗೆ ನುಗ್ಗುತ್ತವೆ. ಚಿಕ್ಕ ಮಕ್ಕಳಲ್ಲಿ ಭೇದಿ ತರುವ ರೋಟಾ ವೈರಸ್ ಕೂಡ ಕರುಳಿನ ನರಗಳನ್ನು ಬಳಸಿಕೊಳ್ಳುತ್ತದೆ ಎಂದು 2000ದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು.

ಭೇದಿಯಲ್ಲಿ ಸಾವು ಬರುವುದು ಹೆಚ್ಚಾಗಿ ನೀರು, ಉಪ್ಪು ಕಳೆದುಹೋಗುವುದರಿಂದ. ಅದೃಷ್ಟಕ್ಕೆ, ಒಳಪದರಕ್ಕೆ ಸಕ್ಕರೆ ಮತ್ತು ಉಪ್ಪು ಒಟ್ಟಿಗೆ ಸಿಕ್ಕರೆ ಭೇದಿಯ ನಡುವೆಯೂ ಅದು ನೀರನ್ನು ಹೀರಿಕೊಳ್ಳುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳಿಗೆ ಇದನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಇದೇ ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾಗಬಾರದು. ಆಮೇಲೆ ಆರೋಗ್ಯ ಕೇಂದ್ರಕ್ಕೆ ಹೋಗಲೇಬೇಕು.

ಎಲ್ಲಿಂದ ಬಂದವು ಈ ನರಗಳು?

ಕರುಳಿನ ನರಕೋಶಗಳು ಕರುಳಿನಲ್ಲಿ ಹುಟ್ಟುವುದಿಲ್ಲ! ಪ್ರಾಣಿ ಇನ್ನೂ ಪಿಂಡವಾಗಿದ್ದಾಗ ಕತ್ತಿನ ಹತ್ತಿರ, ಬೆನ್ನಿನ ಕಡೆ ಹುಟ್ಟಿದ ಕೋಶಗಳು ಬಾಯಿಯ ಕಡೆಯಿಂದ ಗುದದ ಕಡೆಗೆ, ಕರುಳಿನ ಉದ್ದಕ್ಕೂ ನಡೆದು ಹೋಗಿ ನೆಲೆಸುತ್ತವೆ. ಫ್ರಾನ್ಸಿನ ನಿಕೋಲ್ ಲೆ ಡುವಾರಿನ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಇದನ್ನು ಜಾಣತನದಿಂದ ತೋರಿಸಿದರು. ಗುರುತು ಹಿಡಿಯಲು ಸುಲಭವಾದ ಲಾವಕ್ಕಿಯ ಕೋಶಗಳನ್ನು ಕೋಳಿಯ ಪಿಂಡದ ಬೆನ್ನಿನಲ್ಲಿ ಕೂರಿಸಿದರು. ಮುಂದೆ ಕೋಳಿಯ ಕರುಳಿನಲ್ಲಿ ಲಾವಕ್ಕಿಯ ನರಕೋಶಗಳು ಸಿಕ್ಕವು!

ಈ ಪ್ರಯಾಣ ಕೆಲವೊಮ್ಮೆ ಕೊನೆಮುಟ್ಟುವುದಿಲ್ಲ. ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ದೊಡ್ಡ ಕರುಳಿನ ತುದಿಯಲ್ಲಿ ನರಕೋಶಗಳೇ ಇರುವುದಿಲ್ಲ. ನರವಿಲ್ಲದ ಭಾಗ ಸಡಿಲವಾಗುವುದನ್ನೇ ಅರಿಯದೆ ಬಿಗಿದುಕೊಂಡೇ ಇರುತ್ತದೆ. ಮಗುವಿಗೆ ಮಲವಿಸರ್ಜನೆ ಆಗುವುದಿಲ್ಲ, ಹೊಟ್ಟೆ ಉಬ್ಬುತ್ತದೆ. 1886ರಲ್ಲಿ ಇದನ್ನು ವಿವರಿಸಿದ ಡೆನ್ಮಾರ್ಕಿನ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ ಹೆಸರನ್ನೇ ಈ ರೋಗಕ್ಕೆ ಇಟ್ಟಿದ್ದಾರೆ. ಆ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಮಗು ಬದುಕುತ್ತದೆ. ಹುಟ್ಟಿದ ಮೊದಲ ಎರಡು ದಿನಗಳಲ್ಲಿ ಕೂಸು ಮಲ ವಿಸರ್ಜಿಸಿತೇ ಎಂದು ದಾದಿಯರು ಕೇಳುವುದಕ್ಕೆ ಇದೂ ಒಂದು ಕಾರಣ.

ಎಲ್ಲರಲ್ಲೂ ಒಬ್ಬ ನೀರುಗಂಟಿ

ಕರುಳಿನ ನರಜಾಲ ಎಲ್ಲ ಬೆನ್ನೆಲುಬಿನ ಪ್ರಾಣಿಗಳಲ್ಲೂ ಇದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅರಣ್ಯವನ್ನು 2011ರಲ್ಲಿ ಕೊಂಡುಕುರಿಗಳ ವನ್ಯಧಾಮವೆಂದು ಘೋಷಿಸಿದರು. ನಾಲ್ಕು ಕೊಂಬಿನ ಆ ಪುಟ್ಟ ಪ್ರಾಣಿಯೂ ಮೆಲುಕು ಹಾಕುತ್ತದೆ, ಅದರ ಹೊಟ್ಟೆಯೂ ಹಸುವಿನಂತೆ ಕಡೆಯುತ್ತದೆ. ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು ಮೀನುಗಳಿಗೆ ಜಠರವೇ ಇಲ್ಲ, ಗಂಟಲಿನ ನಂತರ ನೇರ ಕರುಳು. ಆದರೂ ಆ ಕರುಳಿನಲ್ಲಿ ನರಜಾಲವಿದೆ. ಕೆರೆಯ ನೀರಿನ ಎಲೆಗಳಿಗೆ ಅಂಟಿಕೊಂಡು ಬದುಕುವ ಹೈಡ್ರಾ ಎಂಬ ಪುಟ್ಟ ಜೀವಿಗೆ ಮಿದುಳೇ ಇಲ್ಲ. ಅದರ ಮೈ ಎಂದರೆ ಒಂದು ಹೊಟ್ಟೆಯ ಚೀಲ. ಆ ಚೀಲದ ಸುತ್ತ ಮಾತ್ರ ನರಗಳ ಬಲೆ ಇದೆ. ಅಂದರೆ ಜೀವಲೋಕದಲ್ಲಿ ತಲೆಯೊಳಗಿನ ಮಿದುಳಿಗಿಂತ ಹೊಟ್ಟೆಯ ಸುತ್ತಲಿನ ನರಜಾಲವೇ ಹಳೆಯದು ಎಂದು ಹಲವು ವಿಜ್ಞಾನಿಗಳು ಭಾವಿಸುತ್ತಾರೆ.

ಮಾಡಿ ನೋಡಿ

1. ಹಳೆಯ ಸೈಕಲ್ ಟ್ಯೂಬಿನ ಒಂದು ಅಡಿ ಉದ್ದದ ತುಂಡನ್ನು ತೆಗೆದುಕೊಳ್ಳಿ. ಒಳಗೆ ಸೋಪಿನ ನೀರು ಸವರಿ ಒಂದು ಗೋಲಿ ಹಾಕಿ. ಗೋಲಿಯ ಹಿಂದೆ ಬೆರಳುಗಳಿಂದ ಹಿಸುಕುತ್ತ ಬನ್ನಿ. ಗೋಲಿ ಮುಂದೆ ಸಾಗುತ್ತದೆ. ಈಗ ಗೋಲಿಯ ಮುಂದೆಯೂ ಗೆಳೆಯನಿಂದ ಹಿಸುಕಿಸಿ. ಏನಾಯಿತು? ಮುಂದಿನ ಭಾಗ ಸಡಿಲವಾಗುವುದು ಏಕೆ ಮುಖ್ಯ ಎಂದು ಬರೆಯಿರಿ.

2. ಒಂದು ವಾರ, ದಿನವೂ ಸಂಜೆ, ನಿಮ್ಮ ಮನೆಯ ಅಥವಾ ನೆರೆಮನೆಯ ಸಾಧು ಹಸುವಿನ ಎಡಗುಳಿಯ ಮೇಲೆ ಕೈಯಿಟ್ಟು ಎರಡು ನಿಮಿಷಕ್ಕೆ ಎಷ್ಟು ಸಲ ಕೈ ಎದ್ದಿತು ಎಂದು ಎಣಿಸಿ ಗುರುತು ಹಾಕಿ. ಮೇಯುವ ಮೊದಲು ಮತ್ತು ಮೇದ ಮೇಲೆ ಎಣಿಕೆ ಒಂದೇ ಇದೆಯೆ?

3. ನಿಮ್ಮ ಶಾಲೆಯ ಸುತ್ತ, ದನ ಮೇಯುವ ಜಾಗದಲ್ಲಿ ಬಿದ್ದಿರುವ ತಂತಿ, ಮೊಳೆ, ಪ್ಲಾಸ್ಟಿಕ್ ಚೀಲಗಳನ್ನು ಗುರುಗಳ ಜೊತೆ ಹೋಗಿ ಎತ್ತಿ ಒಂದು ಕಡೆ ಹಾಕಿ. ಚೂಪಾದವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಉಳಿದ ಅನ್ನವನ್ನು ಚೀಲದಲ್ಲಿ ಕಟ್ಟಿ ಎಸೆಯುವವರನ್ನು ಕಂಡರೆ, ಹಸುವಿನ ಎರಡನೆಯ ಕೋಣೆಯ ಕತೆಯನ್ನು ಅವರಿಗೆ ಹೇಳಿ.

ಇಂದು ರಾತ್ರಿ ಊಟ ಮಾಡಿ ಮಲಗಿದಾಗ ಹೊಟ್ಟೆ ಗುಡುಗುಡು ಎಂದರೆ ಹೆದರಬೇಡಿ. ನೀವು ನಿದ್ದೆ ಮಾಡಿದರೂ ನಿಮ್ಮೊಳಗಿನ ನೀರುಗಂಟಿ ಎದ್ದಿರುತ್ತಾನೆ.